ಟ್ಯೂಬ್‌ಲೈಟ್ ಕೆಳಗಿನ ಕಾಡು ಟೊಮೆಟೊ

ಪ್ರಶ್ನೆ: ಮೇಡಂ, ನಮ್ಮ ಫ್ಲಾಟಿಗೆ ಬಿಸಿಲೇ ಬರಲ್ಲ. ತಮ್ಮ ಎರಡು ಜಾತಿ ಕಾಡು ಟೊಮೆಟೊ ಬೀಜ ಕೊಟ್ಟಿದ್ದ. ಪೆರು ದೇಶದ ಪಿಂಪಿನೆಲ್ಲಿಫೋಲಿಯಮ್ ಅನ್ನು ರೂಮಿನ ಟ್ಯೂಬ್‌ಲೈಟ್ ಕೆಳಗೆ ಇಟ್ಟಿದ್ದೇನೆ. ದಾರದ ಹಾಗೆ ಉದ್ದ ಬೆಳೆದಿದೆ, ಹೂವೆಲ್ಲ ಉದುರುತ್ತಿವೆ. ಗಲಾಪಗೋಸ್ ದ್ವೀಪದ್ದು ತಿಂಗಳಾದರೂ ಮೊಳೆತಿಲ್ಲ. ಲೈಟನ್ನು ರಾತ್ರಿಯೂ ಉರಿಸಲಾ? ಹಣ್ಣು ತಿನ್ನಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ರಾತ್ರಿ ಉರಿಸಬೇಡಿ ತಾಯಿ, ಆ ತಪ್ಪು ನಾನು ಮಾಡಿ ಆಗಿದೆ. ನಮ್ಮ ಸ್ಟೋರ್‌ರೂಮಿನಲ್ಲಿ, ಅಕ್ಕಿ ಡಬ್ಬದ ಪಕ್ಕ, ಊರಿನ ಟೊಮೆಟೊ ಸಸಿಗಳಿಗೆ 24 ಗಂಟೆಯೂ ಬೆಳಕು ಕೊಟ್ಟೆ. ಬೇಗ ಬೆಳೆಯಲಿ ಅನ್ನೋ ಆಸೆ. ಎರಡೇ ವಾರಕ್ಕೆ ಎಲೆಗಳ ನರದ ಮಧ್ಯೆ ಹಳದಿ ಮಚ್ಚೆ ಬಂತು. ಟೊಮೆಟೊಗೆ ಕತ್ತಲೂ ಬೇಕು. ಕಾಡು ಜಾತಿಗಳಲ್ಲಿ ಕೆಲವು ತಡೆದುಕೊಳ್ಳುತ್ತವೆ, ಆದರೆ ಪರೀಕ್ಷೆ ಯಾಕೆ? ಟೈಮರ್ ಹಾಕಿ, 14 ಗಂಟೆ ಸಾಕು.

ನಿಮ್ಮ ಗಿಡಕ್ಕೆ ಬೆಳಕು ದೂರವಾಗಿದೆ, ಅಷ್ಟೇ. ಚಾವಣಿಯ ಲೈಟ್ ನಮಗೆ ಓದೋಕೆ ಸಾಕು, ಗಿಡಕ್ಕೆ ಅದು ಮುಸ್ಸಂಜೆ. 20 ವ್ಯಾಟ್‌ನ ಎರಡು ಎಲ್‌ಇಡಿ ಟ್ಯೂಬ್ ತಂದು, ಗಿಡದ ತುದಿಯಿಂದ ಒಂದು ಗೇಣು ಮೇಲೆ ಸರಪಳಿಯಲ್ಲಿ ತೂಗುಹಾಕಿ. ಗಿಡ ಬೆಳೆದ ಹಾಗೆ ಎತ್ತುತ್ತಾ ಹೋಗಿ. ಈ ಜಾತಿ ಹಬ್ಬೋದು ಜಾಸ್ತಿ, ಕಡ್ಡಿ ಕೊಟ್ಟು ಕಟ್ಟಿ.

ಹೂವು ಉದುರೋದಕ್ಕೆ ಇನ್ನೊಂದು ಕಾರಣವೂ ಇರಬಹುದು. ಮನೆಯೊಳಗೆ ಗಾಳಿಯಿಲ್ಲ, ದುಂಬಿಯಿಲ್ಲ. ಟೊಮೆಟೊ ಪರಾಗ ಹೂವಿನ ನಡುವಿನ ಕೊಳವೆಯೊಳಗೆ ಇರುತ್ತದೆ. ಅಲುಗಿದರೆ ಮಾತ್ರ ತುದಿಯಿಂದ ಉದುರುತ್ತದೆ. ಬ್ಯಾಟರಿ ಟೂತ್‌ಬ್ರಷ್ ಇದ್ದರೆ ಅದರ ಹಿಂಭಾಗವನ್ನು ಹೂವಿನ ತೊಟ್ಟಿಗೆ ಎರಡು ಸೆಕೆಂಡ್ ತಾಗಿಸಿ. ಬೆಳಗ್ಗೆ ಹತ್ತು ಹನ್ನೊಂದಕ್ಕೆ ಒಳ್ಳೆಯದು. ಕೆಳಗೆ ಕಪ್ಪು ಕಾಗದ ಹಿಡಿದು ನೋಡಿ, ತಿಳಿ ಹಳದಿ ಪುಡಿ ಬೀಳುತ್ತದೆ. ನಮ್ಮ ಮೊಮ್ಮಗಳು ಶಾಲೆಗೆ ರಜೆ ಬಂದರೆ ಈ ಕೆಲಸ ಯಾರಿಗೂ ಬಿಡಲ್ಲ.

ಇನ್ನು ಗಲಾಪಗೋಸ್ ಬೀಜ. ಅದರ ಸಿಪ್ಪೆ ಬಲು ಗಟ್ಟಿ. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ರಿಕ್ ಅಂತ ಟೊಮೆಟೊ ವಿಜ್ಞಾನಿ ಇದ್ದರು. ಗಲಾಪಗೋಸಿನ ದೈತ್ಯ ಆಮೆಗಳಿಗೆ ಈ ಹಣ್ಣು ತಿನ್ನಿಸಿದರೆ, ಲದ್ದಿಯಲ್ಲಿ ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ ಅಂತ 1961ರಲ್ಲಿ ಬರೆದರು. ನಮಗೆ ಆಮೆ ಎಲ್ಲಿ ಸಿಗಬೇಕು! ಬಟ್ಟೆಗೆ ಹಾಕುವ ದ್ರವ ಬ್ಲೀಚ್‌ಗೆ ಅಷ್ಟೇ ನೀರು ಬೆರೆಸಿ, ಅರ್ಧ ಗಂಟೆ ಬೀಜ ನೆನೆಸಿ, ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಬಿತ್ತಿ. ಕಿಟಕಿ ತೆರೆದಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಅದಕ್ಕೆ ಸೇರಲೇಬಾರದು, ವಿಷದ ಗಾಳಿ ಬರುತ್ತದೆ.

ಎರಡೂ ಹಣ್ಣು ತಿನ್ನಬಹುದು. ಪೆರುವಿನದು ಬಟಾಣಿ ಗಾತ್ರ, ಕೆಂಪು, ಹುಳಿಸಿಹಿ. ಗಲಾಪಗೋಸಿನದು ಕೆಂಪಾಗಲಿ ಅಂತ ಕಾಯಬೇಡಿ. ಅದು ಹಣ್ಣಾದರೂ ಹಳದಿ, ಇಲ್ಲವೇ ಕಿತ್ತಳೆ ಬಣ್ಣಕ್ಕೆ ನಿಂತುಬಿಡುತ್ತದೆ.