ವೈದ್ಯರು ಯಾವ ದಿನ ಬರುತ್ತಾರೆಂದು ಯಾರನ್ನು ಕೇಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವು. ಆಸ್ಪತ್ರೆ, ಶಾಲೆ, ಕಚೇರಿಗಳ ಕೆಲಸವನ್ನು ಸರ್ಕಾರದ ಪರವಾಗಿ ಯಾರು ಗಮನಿಸುತ್ತಾರೆ ಎಂಬುದೇ ಅವುಗಳಲ್ಲಿ ಮತ್ತೆ ಮತ್ತೆ ಬಂದಿರುವ ಪ್ರಶ್ನೆ.

ಪ್ರಶ್ನೆ: ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ವಾರದಲ್ಲಿ ಮೂರು ದಿನ ಬೇರೆಡೆಗೆ ನಿಯೋಜಿಸಿದ್ದಾರೆಂದು ಸಿಬ್ಬಂದಿ ಹೇಳುತ್ತಾರೆ. ಆ ಮೂರು ದಿನ ಯಾವುವೆಂದು ಯಾರಿಗೂ ಗೊತ್ತಿಲ್ಲ. ಕಾರವಾರಕ್ಕೆ ಮನವಿ ಕಳಿಸಿ ಐದು ತಿಂಗಳಾದರೂ ಉತ್ತರವಿಲ್ಲ. ಮುಂದೇನು ಮಾಡಬೇಕು?
(ಶಿರಸಿ ತಾಲ್ಲೂಕಿನ ಓದುಗರು)

ಉತ್ತರ: ಕೇಂದ್ರದ ದಿನನಿತ್ಯದ ಕೆಲಸವನ್ನು ನೋಡುವವರು ತಾಲ್ಲೂಕು ಆರೋಗ್ಯಾಧಿಕಾರಿ. ಅವರ ಮೇಲೆ ಕಾರವಾರದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಇದ್ದಾರೆ. ಜಿಲ್ಲಾ ಮಟ್ಟದ ಆಡಳಿತ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಕೈಯಲ್ಲಿದ್ದರೆ, ವೈದ್ಯರ ನೇಮಕ ಬೆಂಗಳೂರಿನ ಇಲಾಖೆಯ ಕೈಯಲ್ಲಿದೆ. ‘ನಮಗೆ ವೈದ್ಯರನ್ನು ಕೊಡಿ’ ಎಂದಷ್ಟೇ ಬರೆದ ಮನವಿಯನ್ನು ಇವರಲ್ಲಿ ಯಾರು ಬೇಕಾದರೂ ಇನ್ನೊಬ್ಬರತ್ತ ದಾಟಿಸಬಹುದು. ಆದ್ದರಿಂದ ನಿಮ್ಮ ಬರಹ ವೈದ್ಯರನ್ನು ಕೇಳುವ ಮೊದಲು ದಾಖಲೆಯನ್ನು ಕೇಳಲಿ. ವೈದ್ಯರನ್ನು ಬೇರೆಡೆಗೆ ನಿಯೋಜಿಸಿದ್ದು ನಿಜವಾದರೆ ಅದಕ್ಕೊಂದು ಆದೇಶ ಇರಲೇಬೇಕು. ಆ ಆದೇಶಕ್ಕೆ ಸಂಖ್ಯೆ, ದಿನಾಂಕ, ಸಹಿ ಇರಬೇಕು.

ಅದನ್ನು ಪಡೆಯುವ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ‘ವೈದ್ಯರು ಏಕೆ ಬರುತ್ತಿಲ್ಲ’ ಎಂದು ಬರೆಯಬೇಡಿ. ಕಾರಣ ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ‘ಈ ಕೇಂದ್ರಕ್ಕೆ ಮಂಜೂರಾದ ಹುದ್ದೆಗಳು, ಭರ್ತಿಯಾದವು, ಖಾಲಿ ಇರುವವು, ಹಾಗೂ ವೈದ್ಯಾಧಿಕಾರಿಯ ನಿಯೋಜನೆಯ ಆದೇಶದ ದೃಢೀಕೃತ ನಕಲು’ ಎಂದು ಬರೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಸಕಾರಣವಿಲ್ಲದೆ ತಡಮಾಡಿದ ಮಾಹಿತಿ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

ಐದು ತಿಂಗಳ ಹಿಂದಿನ ಮನವಿಗೆ ಸ್ವೀಕೃತಿ ಪಡೆದಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ನನ್ನ ತಾಯಿಯ ವೃದ್ಧಾಪ್ಯ ವೇತನದ ಅರ್ಜಿ ಒಂದು ಕಚೇರಿಯಲ್ಲಿ ‘ಬಂದೇ ಇಲ್ಲ’ ಎನಿಸಿಕೊಂಡಿತ್ತು. ಆಕೆ ನಕಲನ್ನು ನಾಲ್ಕಾಗಿ ಮಡಚಿ ಪಡಿತರ ಚೀಟಿಯೊಳಗೆ ಇಟ್ಟುಕೊಂಡಿದ್ದರು. ಅದರ ಮೂಲೆಯಲ್ಲಿ ನೇರಳೆ ಬಣ್ಣದ ದುಂಡು ಮೊಹರು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗೀಚಿದ ಆವಕ ಸಂಖ್ಯೆ. ಗುಮಾಸ್ತರು ಆವಕ ಪುಸ್ತಕದ ಪುಟದ ಮೇಲೆ ಬೆರಳು ಇಳಿಸುತ್ತಾ ಹೋಗಿ ಆ ಸಂಖ್ಯೆಯ ಬಳಿ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಕಡತ ಮೇಜಿನ ಮೇಲಿತ್ತು. ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಬರುವುದೆಂದರೆ ನಿಮಗೆ ಇಡೀ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆಯ ಚೀಟಿಯನ್ನು ಜೋಪಾನವಾಗಿಡಿ.

ಊರಿನಲ್ಲೇ ಮಾಡಬಹುದಾದದ್ದೂ ಇದೆ. ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಸದಸ್ಯರು ಯಾರು, ಕಳೆದ ಸಭೆ ಯಾವಾಗ ನಡೆಯಿತು ಎಂದು ವಿಚಾರಿಸಿ. ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮಸಭೆಯಲ್ಲಿ, ವೈದ್ಯರು ಇರುವ ದಿನಗಳನ್ನು ಫಲಕದಲ್ಲಿ ಬರೆಯಬೇಕೆಂದು ಠರಾವು ಮಾಡಿಸಿ. ಮಾತನಾಡಿ ಎದ್ದು ಬರಬೇಡಿ, ನಡಾವಳಿ ಪುಸ್ತಕದಲ್ಲಿ ಅದು ಬರೆದಾಗುವವರೆಗೆ ಕುಳಿತಿರಿ.

ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಂಬುದೊಂದಿದೆ; ಇಂಥ ಪ್ರಶ್ನೆಯನ್ನು ಅಧಿಕಾರಿಯ ಮುಖಕ್ಕೇ ಕೇಳಬೇಕಾದವರು ಅದರ ಚುನಾಯಿತ ಸದಸ್ಯರು. ಆದರೆ 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಪ್ರಶ್ನೆ ಕೇಳಬೇಕಾದ ಕುರ್ಚಿಗಳು ಬರಿದಾಗಿ ಉಳಿದವು. ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಮಾನದಂಡವಿದೆ, ಬಯಲಿನಲ್ಲಿ 30,000 ಜನರಿಗೊಂದು. ಜೊಯಿಡಾದಂಥ ಕಾಡಿನ ತಾಲ್ಲೂಕಿನಲ್ಲಿ ಮನೆಯಿಂದ ಮನೆಗೇ ಗುಡ್ಡ ದಾಟಬೇಕು. ಜನರ ಎಣಿಕೆಗಿಂತ ದಾರಿಯ ದೂರವನ್ನು ಲೆಕ್ಕ ಹಾಕಬೇಕಾದ ಜಿಲ್ಲೆ ನಮ್ಮದು. ಇದನ್ನು ಜಿಲ್ಲಾ ಮಟ್ಟದಲ್ಲಿ ಪಟ್ಟುಹಿಡಿದು ಹೇಳಬೇಕಾದ ಪ್ರತಿನಿಧಿಗಳೇ ಇಲ್ಲದಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಪ್ರಶ್ನೆ: ನಾನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಸಹಿ ಹಾಕಲು ಮಾತ್ರ ಕರೆಯುತ್ತಾರೆ. ನಮಗೆ ಬೇರೆ ಅಧಿಕಾರವಿದೆಯೇ?
(ಹೊನ್ನಾವರದ ತಾಯಿಯೊಬ್ಬರು)

ಉತ್ತರ: ಇದೆ, ಮತ್ತು ಅದು ಕಾನೂನಿನಿಂದಲೇ ಬಂದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಸಮಿತಿಯ ಕೆಲಸ. ಅಂದರೆ ಸಹಿಗೆ ಮೊದಲು ಖರ್ಚಿನ ಚೀಟಿಗಳನ್ನು ಓದಲು ಕೇಳುವುದು ನಿಮ್ಮ ಕರ್ತವ್ಯ. ಮುಖ್ಯಶಿಕ್ಷಕರ ಮೇಲಿನ ಅಪನಂಬಿಕೆ ಎಂದು ಯಾರೂ ಅದನ್ನು ತಿಳಿಯಬೇಕಾಗಿಲ್ಲ. ಬಿಸಿಯೂಟ ಬಡಿಸುವ ಮೊದಲು ರುಚಿ ನೋಡಿ ಬರೆಯುವ ಪುಸ್ತಕವನ್ನೂ ತೆರೆದು ನೋಡಿ. ಅದರಲ್ಲಿ ಇಡೀ ತಿಂಗಳು ಒಂದೇ ಕೈಬರಹದಲ್ಲಿ ‘ಚೆನ್ನಾಗಿದೆ’ ಎಂದಿದ್ದರೆ, ಆ ಅಡುಗೆಯನ್ನು ತಾಯಂದಿರು ಯಾರೂ ರುಚಿ ನೋಡಿಲ್ಲವೆಂದು ಅನುಮಾನಿಸಬೇಕಾಗುತ್ತದೆ.

ಶಿಕ್ಷಕರ ಕೊರತೆ ಇದ್ದರೆ ಸಮಿತಿಯ ಠರಾವಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅನಂತರ ಉಪನಿರ್ದೇಶಕರಿಗೆ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಕರಾವಳಿಯ ನಿಮ್ಮ ಪತ್ರ ಕಾರವಾರಕ್ಕೆ ಹೋಗಬೇಕು. ಘಟ್ಟದ ಮೇಲಿನವರಿಗೆ ಶಿರಸಿಯಲ್ಲೇ ಕಚೇರಿ ಇದೆ. ಶಿಕ್ಷಣ ಇಲಾಖೆಯಲ್ಲಿ ಸಾಧ್ಯವಾದ ಈ ವಿಂಗಡಣೆ ಆರೋಗ್ಯ ಇಲಾಖೆಯಲ್ಲೂ ಆಗಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಗಡುವಿನೊಳಗೆ ಸರ್ಕಾರಿ ಸೇವೆ ಕೊಡುವ ‘ಸಕಾಲ’ ಯೋಜನೆಯಡಿ ಅರ್ಜಿ ಕೊಟ್ಟರೂ ಕೆಲಸ ತಡವಾಗುತ್ತಿದೆ.
(ದಾಂಡೇಲಿ)

ಉತ್ತರ: ಅರ್ಜಿಯೊಂದಿಗೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಪಡೆದಿದ್ದೀರೆಂದರೆ ಗಡುವು ಮೀರಿದ ಕೂಡಲೇ ಮೇಲ್ಮನವಿ ಸಲ್ಲಿಸಬಹುದು. ಸಕಾಲಕ್ಕೆ ಆಧಾರವಾದ 2011ರ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಸಂಖ್ಯೆ ಕೊಡದೆ ‘ಆಮೇಲೆ ಬನ್ನಿ’ ಎಂದರೆ ಅರ್ಜಿ ಲೆಕ್ಕಕ್ಕೇ ಸೇರಿಲ್ಲ ಎಂದರ್ಥ.

ಪ್ರಶ್ನೆ: ತುರ್ತು ಚಿಕಿತ್ಸೆಗೆ ಹೊರಜಿಲ್ಲೆಯ ಖಾಸಗಿ ಆಸ್ಪತ್ರೆಗೆ ಹೋದಾಗ ಬಿಲ್ಲಿನ ಬಗ್ಗೆ ತಕರಾರು ಬಂತು. ಕಾರವಾರದಲ್ಲಿ ದೂರು ಕೊಡಬಹುದೇ?
(ಅಂಕೋಲಾ)

ಉತ್ತರ: ಕಾರವಾರದಲ್ಲಿ ಅಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ದೂರು ಕೇಳುವ ಪ್ರಾಧಿಕಾರ ಆಸ್ಪತ್ರೆ ಇರುವ ಜಿಲ್ಲೆಯದು. ಅಲ್ಲಿನ ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಮಣಿಪಾಲದ ಆಸ್ಪತ್ರೆಯಾದರೆ ಉಡುಪಿ, ಹುಬ್ಬಳ್ಳಿಯದಾದರೆ ಧಾರವಾಡ, ಮಂಗಳೂರಾದರೆ ದಕ್ಷಿಣ ಕನ್ನಡ. ಗೋವಾಕ್ಕೆ ಹೋದವರಿಗೆ ಕರ್ನಾಟಕದ ಈ ಕಾಯ್ದೆ ಅನ್ವಯಿಸುವುದಿಲ್ಲ. ಆಂಬುಲೆನ್ಸ್‌ನಲ್ಲಿ ಜಿಲ್ಲೆಯ ಗಡಿ ದಾಟಿ ಹೋಗುವುದು ನಮ್ಮ ಕರಾವಳಿಯವರಿಗೆ ಎಷ್ಟು ರೂಢಿಯಾಗಿದೆಯೆಂದರೆ, 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ದೊಡ್ಡ ದನಿಯಲ್ಲಿ ಕೇಳಬೇಕಾಯಿತು. ನೀವು ಸದ್ಯಕ್ಕೆ ದಾಖಲಾದ ಚೀಟಿ, ವಿವರವಾದ ಬಿಲ್ಲು, ಬಿಡುಗಡೆಯ ಸಾರಾಂಶ, ಈ ಮೂರರ ನಕಲನ್ನಿಟ್ಟು ಆಯಾ ಜಿಲ್ಲಾಧಿಕಾರಿ ಕಚೇರಿಗೆ ಬರೆಯಿರಿ. ಬಿಲ್ಲು ಒಟ್ಟು ಮೊತ್ತದಲ್ಲಷ್ಟೇ ಇದ್ದರೆ ಮೊದಲು ವಿವರವಾದದ್ದನ್ನು ಆಸ್ಪತ್ರೆಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.