ಉತ್ತರ: ಎರಡು ಸಲ ಹೋದರೂ ಎಎ ಮೀಟಿಂಗ್ ಸಿಗಲಿಲ್ಲ

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಅದರ ಮೀಟಿಂಗ್ ಪಟ್ಟಿಯಲ್ಲಿದ್ದ ವಿಳಾಸಕ್ಕೆ ಎರಡು ಸಲ ಹೋದರೂ ಶಾಲೆ ಗೇಟಿಗೆ ಬೀಗ ಇತ್ತು ಅಂತ ಬರೆದಿದ್ದೀರಿ. ಬಹುಶಃ ಪಟ್ಟಿ ಹಳೆಯದು, ಇಲ್ಲವೇ ಬಾಗಿಲು ಹಿಂದಿನ ರಸ್ತೆಗಿದೆ. ಎಎ ಗುಂಪುಗಳು ಹೆಚ್ಚಾಗಿ ಶಾಲೆ, ಚರ್ಚುಗಳ ಕೋಣೆಯಲ್ಲೇ ಸೇರುವುದು. ಶಾಲೆಯಲ್ಲಿ ಪರೀಕ್ಷೆ ಬಂದರೆ ಜಾಗ ಬದಲಾಗಬಹುದು. ಮೇಲಾಗಿ ಇದು ಬರುವವರ ಹೆಸರು ಗುಟ್ಟಾಗಿಡುವ ಕೂಟ, ದೊಡ್ಡ ಬೋರ್ಡು ಹುಡುಕಬೇಡಿ.

ಮೀಟಿಂಗಿಗೆ ಹೋಗುವ ದಿನವೇ ಎಎ ಇಂಡಿಯಾ ವೆಬ್‌ಸೈಟಿನಲ್ಲಿರುವ ಸಹಾಯವಾಣಿಗೆ ಫೋನ್ ಮಾಡಿ. ಇವತ್ತು ನಡೆಯುತ್ತಾ, ಯಾವ ಗೇಟು, ಕನ್ನಡದಲ್ಲಾ, ಓಪನ್ನಾ ಕ್ಲೋಸ್ಡಾ ಅಂತ ಕೇಳಿ. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಮನೆಯವರನ್ನು ಕರೆದೊಯ್ಯುವುದಾದರೆ ಓಪನ್ ಮೀಟಿಂಗ್ ಆರಿಸಿ. ಮನೆಯವರಿಗೇ ಅಂತ ಅಲ್-ಅನಾನ್ ಎಂಬ ಬೇರೆ ಕೂಟ ಇದೆ.

ಹತ್ತು ನಿಮಿಷ ಮೊದಲೇ ಹೋಗಿ, ಹೊಸಬ ಅಂತ ಹೇಳಿ. ಮಾತಾಡುವ ಸರದಿ ಬಂದಾಗ "ಇವತ್ತು ಬರೀ ಕೇಳಿಸ್ಕೊತೀನಿ" ಅಂದರೆ ಸಾಕು, ಯಾರೂ ಒತ್ತಾಯಿಸಲ್ಲ. ಶುಲ್ಕ ಇಲ್ಲ. ಕಾಣಿಕೆ ಚೀಲ ಬಂದರೆ ಹಾಕದೆ ಪಕ್ಕಕ್ಕೆ ದಾಟಿಸಬಹುದು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದು. ನಾಲ್ಕೈದು ನೋಡದೆ ತೀರ್ಮಾನ ಬೇಡ.

ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತೆ ಅಂತಲೂ ಬರೆದಿದ್ದೀರಿ. ಹಾಗಾದರೆ ಮೀಟಿಂಗಿಗೆಂದು ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಮೊದಲು ನಿಮ್ಹಾನ್ಸ್‌ನ ವ್ಯಸನ ವಿಭಾಗ ಅಥವಾ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹತ್ತಿರ ಎಲ್ಲಿ ಅಂತ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕೇಳಿ, ಆ ಕರೆ ಉಚಿತ.