ಲೇಖನದಲ್ಲಿ ಚಿಮಣಿನೇ ಇಲ್ವಲ್ರೀ

ನಮಸ್ಕಾರ. 'ಹೊಗೆಗೆ ತೆರಿಗೆಯೇ ಮದ್ದು' ಅಂತ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಬೇಜಾರು ಮಾಡ್ಕೋಬೇಡಿ. ಭಾಷೆ ಚೆನ್ನಾಗಿದೆ, ಆದ್ರೆ ಮೂರು ಪುಟದಲ್ಲಿ ಭೂಮಿತಾಯಿ, ಮುಂದಿನ ಪೀಳಿಗೆ ಎಲ್ಲಾ ಬಂದು ಹೋಗ್ತಾರೆ, ಬಾಯ್ಲರ್ ಮುಂದೆ ನಿಂತಿರೋ ಒಬ್ಬ ಮನುಷ್ಯ ಕಾಣಲ್ಲ.

"ತೆರಿಗೆಯಿಂದ ಇಂಧನ ಬಳಕೆಯೂ ಮಾಲಿನ್ಯವೂ ಇಳಿಯುತ್ತವೆ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಿ. ತೆರಿಗೆ ಯಾವುದರ ಮೇಲೆ ಸ್ವಾಮಿ, ಒಳಗೆ ಹೋಗೋ ಇಂಧನದ ಮೇಲೋ ಚಿಮಣಿಯಿಂದ ಹೊರಗೆ ಬರೋದರ ಮೇಲೋ? ಕಾರ್ಬನ್ ಡೈಆಕ್ಸೈಡ್ ಆದ್ರೆ ಎಷ್ಟು ಇಂಧನ ಸುಟ್ರು ಅನ್ನೋ ಲೆಕ್ಕ ಸಾಕು, ಇಂಧನಕ್ಕೇ ತೆರಿಗೆ ಹಾಕಬಹುದು, ಸ್ವೀಡನ್ 1991ರಲ್ಲಿ ಅದನ್ನೇ ಮಾಡ್ತು. ನೈಟ್ರೋಜನ್ ಆಕ್ಸೈಡ್ ಅನ್ನೋ ಕೊಳೆ ಅನಿಲ ಹಾಗಲ್ಲ, ಅದರಲ್ಲಿ ಒಂದು ಪಾಲು ಉರಿಯ ಬಿಸಿಗೆ ಗಾಳಿಯಲ್ಲಿರೋ ನೈಟ್ರೋಜನ್ನಿಂದಲೇ ಹುಟ್ಟೋದು, ಅಷ್ಟೇ ಇಂಧನ ಸುಟ್ರೂ ಉರಿ ನಡೆಸೋ ರೀತಿ ಮೇಲೆ ಹೆಚ್ಚುಕಮ್ಮಿ ಆಗುತ್ತೆ.

ಅದಕ್ಕೇ 1992ರಲ್ಲಿ ಸ್ವೀಡನ್‌ನವರು ದೊಡ್ಡ ಬಾಯ್ಲರ್‌ಗಳ ಚಿಮಣಿಲಿ ಅಳತೆ ಮಾಡಿಸಿ ಕಿಲೋ ನೈಟ್ರೋಜನ್ ಆಕ್ಸೈಡ್‌ಗೆ 40 ಕ್ರೋನಾ (ಅವರ ದುಡ್ಡು) ವಸೂಲಿ ಶುರು ಮಾಡಿದ್ರು, ಆ ದುಡ್ಡನ್ನ ಯಾರು ಎಷ್ಟು ಎನರ್ಜಿ ಉತ್ಪಾದಿಸಿದ್ರು ಅಂತ ನೋಡಿ ಅದೇ ಘಟಕಗಳಿಗೇ ವಾಪಸ್ ಹಂಚಿದ್ರು. ಕೊಳೆ ಕಮ್ಮಿ ಬಿಟ್ಟವನಿಗೆ ಕಟ್ಟಿದ್ದಕ್ಕಿಂತ ಜಾಸ್ತಿ ಕೈಗೆ ಬರುತ್ತೆ! ಈಗ ಆಪರೇಟರ್‌ನ ನೋಡಿ. ಮೀಟರ್ ಮೇಲೆ ಕಣ್ಣಿಟ್ಟು ಬಾಯ್ಲರ್‌ಗೆ ಹೋಗೋ ಗಾಳಿ ಒಂಚೂರು ತಗ್ಗಿಸ್ತಾನೆ, ನಂಬರ್ ಇಳಿಯುತ್ತೆ, ಇನ್ನೂ ತಗ್ಗಿಸಿದ್ರೆ ಇಂಧನ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಏರೋಕೆ ಶುರು. ನಿಮ್ಮ ಲೇಖನ ಇಲ್ಲಿಂದ ಶುರುವಾಗ್ಬೇಕಿತ್ತು.

ಚೀನಾ ಪ್ಯಾರಾದಲ್ಲಿ ತಪ್ಪೇ ಇದೆ. 2018ರಲ್ಲಿ ಜಾರಿಗೆ ಬಂದ ಪರಿಸರ ತೆರಿಗೆನ ಕಾರ್ಬನ್ ಟ್ಯಾಕ್ಸ್ ಅಂದಿದ್ದೀರ, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಇಲ್ವೇ ಇಲ್ಲ, ಅದು ಗಂಧಕದ ಡೈಆಕ್ಸೈಡ್, ಧೂಳು ಇಂಥವುಕ್ಕೆ. ಬಿಡೋ ಕೊಳೆ ಸರ್ಕಾರ ಇಟ್ಟ ಮಿತಿಗಿಂತ 30% ಕಮ್ಮಿ ಇದ್ರೆ ತೆರಿಗೆಲಿ ಕಾಲು ಭಾಗ ಮಾಫಿ, 50% ಕಮ್ಮಿ ಇದ್ರೆ ಅರ್ಧ. ಹೀಗಿದ್ದಾಗ ಮಾಲೀಕ ಏನ್ ಮಾಡ್ತಾನೆ? ಕಲ್ಲಿದ್ದಲು ಬಿಟ್ಟು ಗ್ಯಾಸ್‌ಗೆ ಹೋಗಬಹುದು, ಇಲ್ಲಾ ಅದೇ ಕಲ್ಲಿದ್ದಲು ಸುಡ್ತಾ ಚಿಮಣಿಗೆ ಸ್ಕ್ರಬ್ಬರ್, ಅಂದ್ರೆ ಹೊಗೆಯಿಂದ ಗಂಧಕ ತೆಗೆಯೋ ಯಂತ್ರ, ಕೂರಿಸಬಹುದು, ಆ ಸ್ಕ್ರಬ್ಬರ್‌ನ ಪಂಪು ಫ್ಯಾನಿಗೆ ಕರೆಂಟ್ ಬೇಕಲ್ಲ, ಅಂದ್ರೆ ಗಂಧಕ ಇಳಿದ್ರೂ ಇಂಧನ ಖರ್ಚು ಒಂಚೂರು ಏರುತ್ತೆ. ನಿಮ್ಮ ಆ ಒಂದು ಸಾಲು ಇಲ್ಲಿ ಬಿದ್ದೋಗುತ್ತೆ. ದರ ತೀರಾ ಕಮ್ಮಿ ಇದ್ರಂತೂ ಇವೆರಡೂ ಇಲ್ಲ, ತೆರಿಗೆ ಕಟ್ಟಿ ಸುಮ್ನಿರ್ತಾರೆ.

ತಿದ್ದಿ ಕಳ್ಸಿ, ಖಂಡಿತ ಓದ್ತೀನಿ. ಕೊನೇಲಿರೋ ಕವನ ಮಾತ್ರ ಬೇಡ.